ಕಸ್ಟಡಿ ಕೇಸ್: ಚಿತ್ರ ಪರೀಕ್ಷೆ ಬಿಟ್ಟೆ, ಮಗುವಿನ ಮಾತು ಹಿಡಿದೆ

ಅಪ್ಪ ಅಮ್ಮ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕು ಎನ್ನುವ ಕಸ್ಟಡಿ ಕೇಸಿಗೆ ಮನಶ್ಶಾಸ್ತ್ರಜ್ಞರು ಕೊಡುವ ವರದಿಯಲ್ಲಿ ಪರೀಕ್ಷೆಯ ಸ್ಕೋರ್ ಇಲ್ಲದಿದ್ದರೆ ಕೋರ್ಟಿನಲ್ಲಿ ನಡೆಯಲ್ಲ ಎಂದು ಕಲಬುರಗಿಯ ವಕೀಲ ಮಿತ್ರರು ಹೇಳುತ್ತಲೇ ಇದ್ದರು. ನಾನು ಪರೀಕ್ಷೆ ಬಿಟ್ಟು ಮಗುವಿನ ಮಾತನ್ನೇ ಬರೆದುಕೊಡಲು ಶುರು ಮಾಡಿದಾಗ ನಮ್ಮ ಮನಶ್ಶಾಸ್ತ್ರಜ್ಞರಲ್ಲೇ ಕೆಲವರು ನಕ್ಕರು. ಈಗ ನಾಲ್ಕೈದು ಕೇಸುಗಳಲ್ಲಿ ನನ್ನ ವರದಿ ಪಾಟೀಸವಾಲಿಗೆ ಜಗ್ಗದೆ ನಿಂತಿದೆ.

ಮೊದಲು ಎಲ್ಲರ ಹಾಗೆ ಮಗುವಿನ ಮನಸ್ಸು ತಿಳಿಯಲು ಮನೆ, ಮರ, ಮನುಷ್ಯನ ಚಿತ್ರ ಬರೆಸುತ್ತಿದ್ದೆ. ಹತ್ತು ಹನ್ನೆರಡು ಪುಟದ ವರದಿ. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: 'ಗಿಡ ಸಣ್ಣದು ಬರೆದರೆ ಅಪ್ಪ ಕೆಟ್ಟವನಾ, ಮೇಡಂ?' ಅಲ್ಲಿಗೆ ವರದಿ ಮುಗಿಯಿತು. ಸೇಡಂಗೆ ಓಡಾಟ, ಟೈಪಿಂಗ್ ಸೇರಿ ನಾಲ್ಕು ಸಾವಿರದಷ್ಟು ಕೈಯಿಂದಲೇ ಹೋಯಿತು. ಫೀ ಕೊಡಬೇಕಾದವರು ಕೇಸ್ ಸೋತ ಮೇಲೆ ಫೋನ್ ಎತ್ತಲಿಲ್ಲ.

ಈಗ ಮಗುವನ್ನು ಒಮ್ಮೆ ತಾಯಿ ಕರೆತರಬೇಕು, ಒಂದೆರಡು ವಾರ ಬಿಟ್ಟು ತಂದೆ. ಕರೆತಂದವರು ಮಾತು ಕೇಳಿಸದಷ್ಟು ದೂರ ಕೂರಬೇಕು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ, ಒಂದಕ್ಷರ ತಿದ್ದುವುದಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು 'ಸಾಲಿ ಬ್ಯಾಗ್ ಅಪ್ಪನ ಮನ್ಯಾಗ ಅದ, ನಾ ಅಲ್ಲಿ ಹೋದ್ರ ಅವ್ವ ಅಳ್ತಾಳ' ಅಂತ ಸಲೀಸಾಗಿ ಮಾತಾಡುತ್ತಿದ್ದಳು. ಒಮ್ಮೆಲೇ ನೆಟ್ಟಗೆ ಕೂತು 'ತಂದೆಯವರು ಮಾನಸಿಕ ಕಿರುಕುಳ ನೀಡುತ್ತಾರೆ' ಎಂದಳು. ಎರಡನ್ನೂ ಅಕ್ಕಪಕ್ಕ ಬರೆದು ಕೊಟ್ಟೆ. ಯಾರು ಕಲಿಸಿದರು ಎಂದು ಬರೆಯಲಿಲ್ಲ. ಪಾಟೀಸವಾಲು ಹತ್ತು ನಿಮಿಷವೂ ನಡೆಯಲಿಲ್ಲ.

ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಇಲ್ಲಿ ಹೇಳಲ್ಲ. ಹೇಳಿದರೆ ಮಕ್ಕಳು ಉತ್ತರ ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ.

ಮಗು ಯಾರ ಹತ್ತಿರ ಇರಬೇಕು ಎಂದು ತೀರ್ಪು ಕೊಡಲು ಹೋಗಬೇಡಿ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 12ನೇ ಕಲಂ ನಮ್ಮಂಥವರನ್ನು ಕರೆಸುವುದು ನೆರವಿಗೆ. ಮಗುವಿನ ಹಿತ, ತಿಳಿವಳಿಕೆ ಬಂದಿದ್ದರೆ ಅದರ ಇಷ್ಟ, ಇವನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ಪ್ರಕಾರ ತೂಗುವುದು ಜಡ್ಜ್ ಸಾಹೇಬರು.

ಉಯಿಲು ಬರೆಸುವವರ ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ನೋಡುವುದಕ್ಕೂ ಇದೇ ದಾರಿ ಹಚ್ಚಿ ನೋಡಿದೆ. ಆಳಂದ ಕಡೆಯ ಹಿರಿಯರು, ಎಂಬತ್ತರ ಹತ್ತಿರ, ಓದು ಬರಹ ಇಲ್ಲ. ಬುದ್ಧಿ ಪರೀಕ್ಷೆಯ ಮಾಮೂಲಿ ಪ್ರಶ್ನೆಯಂತೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ ಸುಮ್ನೆ ಕೂತರು. ತೊಗರಿ ಮಾರಿದ ಲೆಕ್ಕ ಕೇಳಿದೆ. ಹಮಾಲಿ, ಕಮಿಷನ್ ಕಳೆದು ಕೈಗೆ ಬಂದ ರೊಕ್ಕ ಪಟಪಟ ಹೇಳಿದರು. ಯಾವ ಮಗನಿಗೆ ಎಷ್ಟು ಎಕರೆ, ಯಾಕೆ ಅನ್ನುವುದನ್ನೂ ಹೇಳಿದರು. ಆ ಉಯಿಲನ್ನು ಇನ್ನೂ ಯಾರೂ ಪ್ರಶ್ನಿಸಿಲ್ಲ, ಹಾಗಾಗಿ ಇದು ಗೆದ್ದಿತು ಅನ್ನಲಾರೆ.

ಫೀ ಈಗ ಏಳೆಂಟು ಸಾವಿರ. ಅರ್ಧರ್ಧ ಎರಡೂ ಕಡೆಯವರು ಮೊದಲೇ ಕೋರ್ಟಿನಲ್ಲಿ ಕಟ್ಟುವಂತೆ ಆದೇಶ ಮಾಡಿಸಿಕೊಂಡೇ ಫೈಲ್ ಮುಟ್ಟುತ್ತೇನೆ.