ತೈಲ ಕಂಪನಿ ತನ್ನ ಹೊಗೆ ಇಳಿಸುವುದು ಹೇಗೆ?

ತುಮಕೂರು ಸುತ್ತಮುತ್ತ ಯಾವ ಬಂಕಿಗೆ ಹೋದರೂ ಬೆಳಿಗ್ಗೆ ಬೆಳಿಗ್ಗೆಯೇ ಕ್ಯಾನ್ ಹಿಡಿದು ನಿಂತ ರೈತರು ಸಿಗುತ್ತಾರೆ. ಟ್ರ್ಯಾಕ್ಟರಿಗೋ ಟಿಲ್ಲರಿಗೋ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಒಂದು ಕೆ.ಜಿ.ಯೂ ತೂಗುವುದಿಲ್ಲ. ಆದರೆ ಅದು ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.7 ಕೆ.ಜಿ. ಲೆಕ್ಕ ತಪ್ಪಿದೆ ಅನ್ನಿಸುತ್ತದೆ, ಅಲ್ವಾ? ತಪ್ಪಿಲ್ಲ. ಡೀಸೆಲ್‌ನಲ್ಲಿರುವ ಪ್ರತಿ 12 ಗ್ರಾಂ ಕಾರ್ಬನ್ ಉರಿಯುವಾಗ ಗಾಳಿಯಿಂದ 32 ಗ್ರಾಂ ಆಕ್ಸಿಜನ್ ಎಳೆದುಕೊಂಡು 44 ಗ್ರಾಂ ಆಗುತ್ತದೆ. ಸುಲಭಕ್ಕೆ ಇದನ್ನು ಹೊಗೆ ಎಂದೇ ಬರೆಯುತ್ತೇನೆ, ಕಣ್ಣಿಗೆ ಕಾಣದಿದ್ದರೂ.

ಈಗ ಪ್ರಶ್ನೆ. ಈ 2.7 ಕೆ.ಜಿ. ಯಾರ ಲೆಕ್ಕಕ್ಕೆ? ಉಳುಮೆ ಮಾಡಿದ ರೈತನದೋ, ಡೀಸೆಲ್ ಮಾರಿದ ಕಂಪನಿಯದೋ? ತೈಲ ಕಂಪನಿ ಹೊಗೆ ಇಳಿಸುತ್ತೇವೆ ಎಂದು ಹೊರಟಾಗ ಇಲ್ಲಿಂದಲೇ ಶುರು ಮಾಡಬೇಕು.

ಮೊದಲು ಲೆಕ್ಕ

ಹೊಗೆಯ ಲೆಕ್ಕ ಕೊಡುವ ಕಂಪನಿಗಳು ಸಾಮಾನ್ಯವಾಗಿ ಅದನ್ನು ಮೂರು ಖಾತೆಯಲ್ಲಿ ಬರೆಯುತ್ತವೆ. ಇವಕ್ಕೆ ಸ್ಕೋಪ್ 1, 2, 3 ಎಂದು ಹೆಸರು. ತಮ್ಮ ಬಾವಿ, ರಿಫೈನರಿ, ಲಾರಿಗಳಲ್ಲಿ ತಾವೇ ಉರಿಸಿದ್ದು ಮತ್ತು ಸೋರಿಸಿದ್ದು ಮೊದಲನೆಯದು. ಕೊಂಡ ಕರೆಂಟಿನ ಹಿಂದಿನ ಹೊಗೆ ಎರಡನೆಯದು. ಮಾರಿದ ಪೆಟ್ರೋಲ್, ಡೀಸೆಲ್, ಗ್ಯಾಸನ್ನು ನಾವು ಉರಿಸಿದಾಗ ಬರುವುದು ಮೂರನೆಯದಕ್ಕೆ ಸೇರುತ್ತದೆ. ತೈಲ ಕಂಪನಿಗಳ ಮಟ್ಟಿಗೆ ಮೂರನೆಯದೇ ಬೆಟ್ಟದಷ್ಟು. ಸಾಮಾನ್ಯವಾಗಿ ಒಟ್ಟು ಹೊಗೆಯ ಶೇ 80ಕ್ಕೂ ಜಾಸ್ತಿ ಅದರಲ್ಲೇ ಇರುತ್ತದೆ.

ನಮ್ಮ ದೇಶದ ತೈಲ ಕಂಪನಿಗಳು ನಿವ್ವಳ ಹೊಗೆಯನ್ನು ಸೊನ್ನೆಗೆ ಇಳಿಸಲು ಗಡುವು ಹಾಕಿಕೊಂಡಿವೆ. ಒಎನ್‌ಜಿಸಿ 2038, ಬಿಪಿಸಿಎಲ್ ಮತ್ತು ಎಚ್‌ಪಿಸಿಎಲ್ 2040, ಇಂಡಿಯನ್ ಆಯಿಲ್ 2046. ಇವೆಲ್ಲ ಮೊದಲ ಎರಡು ಖಾತೆಗೆ ಮಾತ್ರ ಹಾಕಿಕೊಂಡ ಗಡುವು. ಕಂಪನಿಗಳೇನೂ ಇದನ್ನು ಮುಚ್ಚಿಟ್ಟಿಲ್ಲ. ಆದರೆ ಸುದ್ದಿಯ ತಲೆಬರಹದಲ್ಲಿ ಈ ಮಾತು ಬಿಟ್ಟುಹೋಗುತ್ತದೆ.

ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾರೆಲ್‌ಗೆ ಇಷ್ಟು ಇಳಿಸಿದೆವು ಎನ್ನುವುದು ಬೇರೆ, ಒಟ್ಟು ಇಷ್ಟು ಇಳಿಸಿದೆವು ಎನ್ನುವುದು ಬೇರೆ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದು ಬಾಕ್ಸಿನ ಸಾಗಣೆ ಖರ್ಚು ಎರಡು ರೂಪಾಯಿ ಕಮ್ಮಿಯಾಯಿತು, ಆದರೆ ಬಾಕ್ಸುಗಳು ದುಪ್ಪಟ್ಟಾದವು ಎಂದರೆ ಕೈಬಿಟ್ಟ ದುಡ್ಡು ಜಾಸ್ತಿಯೇ. ಹಾಗೆಯೇ ಹಳೆಯ ತೈಲ ಬಾವಿಯನ್ನು ಬೇರೆಯವರಿಗೆ ಮಾರಿದರೂ ಕಂಪನಿಯ ಪುಸ್ತಕದಲ್ಲಿ ಹೊಗೆ ಇಳಿಯುತ್ತದೆ. ಬಾವಿ ಮಾತ್ರ ಅಲ್ಲೇ ಹೊಗೆ ಬಿಡುತ್ತಿರುತ್ತದೆ.

ಆಮೇಲೆ ಸೋರಿಕೆ

ನನ್ನನ್ನು ಕೇಳಿದರೆ ಮೊದಲು ಕೈ ಹಾಕಬೇಕಾದ್ದು ಇದಕ್ಕೇ. ನೈಸರ್ಗಿಕ ಅನಿಲ ಎಂದರೆ ಬಹುಪಾಲು ಮೀಥೇನ್. ಉರಿಯದೆ ಹಾಗೇ ಗಾಳಿಗೆ ಸೇರಿದರೆ ಮೊದಲ 20 ವರ್ಷದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಮನೆಗೆ ಸಿಲಿಂಡರ್ ತಂದವರು ರೆಗ್ಯುಲೇಟರ್ ಸುತ್ತ ಸೋಪಿನ ನೀರು ಹಚ್ಚುವುದನ್ನು ನೋಡಿರುತ್ತೀರಿ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದರೂ ವಾಷರ್ ಬದಲಾಯಿಸುತ್ತಾರೆ. ಕಂಪನಿ ಮಾಡಬೇಕಾದ್ದೂ ಇದನ್ನೇ, ಸಾವಿರಾರು ವಾಲ್ವುಗಳ ಮೇಲೆ. ಆದರೆ ಅಲ್ಲಿ ಮೂಗು ಕೆಲಸಕ್ಕೆ ಬರುವುದಿಲ್ಲ. ಅಡುಗೆ ಗ್ಯಾಸಿನ ವಾಸನೆ ಬೇಕೆಂದೇ ಬೆರೆಸಿದ್ದು. ಮೀಥೇನ್‌ಗೆ ತನ್ನದೇ ವಾಸನೆ ಇಲ್ಲ. ಹಾಗಾಗಿ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಓಡಾಡುತ್ತಾರೆ. ಬರಿಗಣ್ಣಿಗೆ ಏನೂ ಇಲ್ಲದ ಕಡೆ ಪರದೆಯ ಮೇಲೆ ಹಬೆಯಂತೆ ಸುರುಳಿ ಏಳುತ್ತದೆ.

ರಿಪೇರಿ ದೊಡ್ಡದಲ್ಲ. ನಮ್ಮ ಬೋರ್‌ವೆಲ್‌ನ ಗೇಟ್‌ವಾಲ್ವ್ ತಿರುಗಿಸುವ ಕಡ್ಡಿಯ ಬುಡದಲ್ಲಿ ನೀರು ಜಿನುಗಿದರೆ ಗ್ಲ್ಯಾಂಡ್ ಬಿಗಿ ಮಾಡುತ್ತೇವೆ, ದಾರ ಬದಲಾಯಿಸುತ್ತೇವೆ. ಅಲ್ಲೂ ಎಷ್ಟೋ ಸೋರಿಕೆ ಅಷ್ಟರಲ್ಲೇ ನಿಲ್ಲುತ್ತದೆ. ಹೀಗೆ ಉಳಿಸಿದ ಅನಿಲವನ್ನು ಮಾರಬಹುದು. ದುಡ್ಡು ವಾಪಸ್ ಬರುವ ಕೆಲಸವನ್ನು ಮುಂದೂಡುವ ಕಂಪನಿಗೆ ಯಾವ ನೆಪವೂ ಇಲ್ಲ.

ಸೋರಿಕೆಯ ಅಣ್ಣನೇ ಫ್ಲೇರ್. ತೈಲದ ಜೊತೆ ಬಂದ ಅನಿಲವನ್ನು ಸಾಗಿಸಲು ಪೈಪ್ ಇಲ್ಲವೆಂದು ಎತ್ತರದ ಚಿಮಣಿಯ ತುದಿಯಲ್ಲಿ ಸುಮ್ನೆ ಸುಟ್ಟುಬಿಡುವುದು. ದಿನನಿತ್ಯದ ಈ ಸುಡುವಿಕೆಯನ್ನು 2030ರೊಳಗೆ ನಿಲ್ಲಿಸೋಣ ಎಂದು ವಿಶ್ವ ಬ್ಯಾಂಕ್ 2015ರಲ್ಲಿ ಕರೆ ಕೊಟ್ಟಿತು. ಅಪಾಯದ ಹೊತ್ತಿಗೆ ಬೇಕಾದ ಜ್ವಾಲೆ ಇರಲಿ, ಅದು ರಕ್ಷಣೆಗೆ.

ಕರೆಂಟು ಮತ್ತು ಹೈಡ್ರೋಜನ್

ರಿಫೈನರಿಯಲ್ಲಿ ಕುಲುಮೆಯ ಬಿಸಿ ವ್ಯರ್ಥವಾಗದಂತೆ ನೋಡಿಕೊಳ್ಳುವುದು, ಲಾರಿಯ ಬದಲು ಪೈಪಿನಲ್ಲಿ ಸಾಗಿಸುವುದು, ಇವು ಹಳೆಯ ಉಪಾಯಗಳು. ಮಂಗಳೂರಿನಿಂದ ಹಾಸನದ ಮೇಲೆ ಹೊಸಕೋಟೆ ಬಳಿಯ ದೇವನಗೊಂದಿಗೆ 360 ಕಿ.ಮೀ.ಗೂ ಉದ್ದದ ಪೈಪ್‌ಲೈನ್ ಇದೆ. ಅದಿಲ್ಲದಿದ್ದರೆ ಅಷ್ಟೂ ತೈಲ ಟ್ಯಾಂಕರುಗಳಲ್ಲಿ ಘಾಟಿ ಹತ್ತಬೇಕಿತ್ತು.

ಎರಡನೇ ಖಾತೆಗೆ ಮದ್ದು ಏನು ಎಂಬುದು ನಮ್ಮ ಜಿಲ್ಲೆಯಲ್ಲೇ ಕಾಣುತ್ತದೆ. ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ಜಮೀನು ಮಾರಾಟವಾಗಿಲ್ಲ, ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಇಂಥ ಕರೆಂಟು ಕೊಂಡರೆ ಖಾತೆ ಹಗುರವಾಗುತ್ತದೆ. ಆದರೆ ರಿಫೈನರಿಗೆ ರಾತ್ರಿಯೆಂಬುದಿಲ್ಲ. ಜೊತೆಗೆ ಗಾಳಿ ವಿದ್ಯುತ್ತೋ ಬ್ಯಾಟರಿಯೋ ಬೇಕೇ ಬೇಕು.

ಹೈಡ್ರೋಜನ್‌ನದು ನಿಜಕ್ಕೂ ಕಗ್ಗಂಟು. 2020ರ ಏಪ್ರಿಲ್‌ನಲ್ಲಿ ವಾಹನ ಹೊಗೆಯ ಬಿಎಸ್-6 ನಿಯಮ ಬಂದಾಗ ಡೀಸೆಲ್‌ನಲ್ಲಿ ಗಂಧಕದ ಮಿತಿ ಕೆ.ಜಿ.ಗೆ 50 ಮಿಲಿಗ್ರಾಂನಿಂದ 10ಕ್ಕೆ ಇಳಿಯಿತು. ನಮ್ಮ ಶ್ವಾಸಕೋಶಕ್ಕೆ ಒಳ್ಳೆಯದೇ ಆಯಿತು. ಆದರೆ ಗಂಧಕ ತೆಗೆಯಲು ಹೈಡ್ರೋಜನ್ ಬೇಕು. ನೈಸರ್ಗಿಕ ಅನಿಲದಿಂದ ಒಂದು ಕೆ.ಜಿ. ಹೈಡ್ರೋಜನ್ ಮಾಡಿದರೆ 9–10 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅದರ ಬದಲು ನೀರನ್ನು ಒಡೆದು ಮಾಡಬಹುದು. ಕೆ.ಜಿ.ಗೆ 50 ಯೂನಿಟ್ಟಿಗೂ ಜಾಸ್ತಿ ಕರೆಂಟ್ ಹಿಡಿಯುತ್ತದೆ. ಆ ಕರೆಂಟು ಕಲ್ಲಿದ್ದಲಿನದಾದರೆ ಮೊದಲಿಗಿಂತ ಕಡೆ.

ಇಷ್ಟಾದರೂ ಉಳಿದ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನೆಲದಡಿ ತುಂಬುತ್ತಾರೆ. ನಾರ್ವೆಯವರು 1991ರಲ್ಲಿ ಕಾರ್ಬನ್ ತೆರಿಗೆ ಹಾಕಿದರು; 1996ರಲ್ಲಿ ಅಲ್ಲಿನ ಸ್ಲೈಪ್ನರ್ ಎಂಬಲ್ಲಿ ಸಮುದ್ರದಡಿ ತುಂಬುವ ಕೆಲಸ ಶುರುವಾಯಿತು. ತೆರಿಗೆ ಇರದಿದ್ದರೆ ಯಾರು ಅಷ್ಟು ಖರ್ಚು ಮಾಡುತ್ತಿದ್ದರು?

ಮೂರನೇ ಖಾತೆ

ಇದು ಇಳಿಯಬೇಕಾದರೆ ಮಾರುವ ಸರಕೇ ಬದಲಾಗಬೇಕು. 2023ರ ಫೆಬ್ರುವರಿ 6ರಂದು, ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ದಿನವೇ, ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಎಥೆನಾಲಿನ ಕಾರ್ಬನ್ ಕಬ್ಬೋ ಮುಸುಕಿನ ಜೋಳವೋ ಗಾಳಿಯಿಂದಲೇ ಹೀರಿದ್ದು. ಆದರೆ ಬೆಳೆಗೆ ಹಾಕಿದ ಗೊಬ್ಬರ, ಎತ್ತಿದ ನೀರು ಲೆಕ್ಕಕ್ಕೆ ಬರಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಯವರು ನಾವು, ಇದನ್ನು ಕೇಳಲೇಬೇಕು. ಸಗಣಿ, ಕೊಳೆತ ತರಕಾರಿಯಿಂದ ಮಾಡುವ ಜೈವಿಕ ಅನಿಲ ನನಗೆ ಇದಕ್ಕಿಂತ ಹಿಡಿಸುತ್ತದೆ. 2018ರಲ್ಲಿ ಶುರುವಾದ ಸತತ್ ಯೋಜನೆಯಲ್ಲಿ ತೈಲ ಕಂಪನಿಗಳೇ ಅದನ್ನು ಕೊಳ್ಳುತ್ತವೆ. ಹಸು ಮತ್ತು ಟೊಮೆಟೊ ಎರಡೂ ಇರುವ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದಕ್ಕೆ ಕಚ್ಚಾ ಸರಕಿನ ಬರವಿಲ್ಲ.

ಕಂಪನಿ ಎಲ್ಲಿಗೆ ಬಂತು ಎಂದು ನೀವೇ ನೋಡಬಹುದು. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022–23ರಿಂದ ಪರಿಸರ, ಸಮಾಜದ ಹೊಣೆಯ ಬಗ್ಗೆ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಲೇಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಪರಿಸರದ ಬಗ್ಗೆ ಇರುವ ಆರನೇ ತತ್ವದ ಪುಟ ತೆಗೆಯಿರಿ. ಸ್ಕೋಪ್ 1, 2ರ ಈ ವರ್ಷದ ಮತ್ತು ಹಿಂದಿನ ವರ್ಷದ ಅಂಕಿ ಅಕ್ಕಪಕ್ಕದಲ್ಲೇ ಇರುತ್ತವೆ. ಸ್ಕೋಪ್ 3 ಅದೇ ತತ್ವದ ಕೊನೆಯ ಭಾಗದಲ್ಲಿ, ಇಷ್ಟವಿದ್ದರೆ ತುಂಬುವ ಪಟ್ಟಿಯಲ್ಲಿದೆ. ಆ ಜಾಗ ತುಂಬಿದೆಯೋ ಖಾಲಿಯೋ ನೋಡಿ.