ಸುಳಿವು ಪದಗಳ ಚಾರ್ಟು ಕಿತ್ತು ಹಾಕಿದ ಮೇಲೆ

ಮೊದಲ ಎರಡು ವರ್ಷ ನಾನು ಇದನ್ನು ತಪ್ಪಾಗಿಯೇ ಕಲಿಸಿದೆ. ಮಾಹಿತಿ ಬರಹಗಳ ರಚನೆ ಗುರುತಿಸುವ ಪಾಠ. ಕ್ಲಾಸಿನ ಗೋಡೆಗೆ ದೊಡ್ಡ ಚಾರ್ಟು ಅಂಟಿಸಿದ್ದೆ. ಐದು ಕಾಲಂ, ಐದು ಬಣ್ಣ. ವಿವರಣೆ, ಅನುಕ್ರಮ, ಹೋಲಿಕೆ-ವ್ಯತ್ಯಾಸ, ಕಾರಣ-ಪರಿಣಾಮ, ಸಮಸ್ಯೆ-ಪರಿಹಾರ. ಪ್ರತಿ ಕಾಲಂ ಕೆಳಗೆ ಸುಳಿವು ಪದಗಳು. 'ಮೊದಲು, ನಂತರ, ಕೊನೆಗೆ' ಕಂಡರೆ ಅನುಕ್ರಮ. 'ಆದರೆ, ಅದೇ ರೀತಿ' ಕಂಡರೆ ಹೋಲಿಕೆ. 'ಆದ್ದರಿಂದ, ಇದರಿಂದಾಗಿ' ಕಂಡರೆ ಕಾರಣ-ಪರಿಣಾಮ. ನೋಡೋಕೆ ಚೆನ್ನಾಗಿತ್ತು. ಮಕ್ಕಳಿಗೂ ಇಷ್ಟವಾಗಿತ್ತು, ಯಾಕಂದ್ರೆ ಪೆನ್ಸಿಲ್ ಹಿಡಿದು ಪದ ಹುಡುಕಿ ಗೆರೆ ಎಳೆದರೆ ಕೆಲಸ ಮುಗಿಯಿತು. ಗದ್ಯಭಾಗವನ್ನು ಓದುವವರೇ ಇರಲಿಲ್ಲ, ಅಷ್ಟೇ.

ಆ ಚಾರ್ಟು ಕೈಕೊಟ್ಟಿದ್ದು ಟೈಟಾನಿಕ್ ಹಡಗಿನ ಪಾಠದ ದಿನ. ಅರ್ಧ ಪುಟದ ಗದ್ಯಭಾಗ, ನಾನೇ ಬರೆದದ್ದು. 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಡಗು ಹಿಮದ ಗುಡ್ಡಕ್ಕೆ ತಾಗಿತು, ಮಾರನೇ ದಿನ ಬೆಳಗಿನ ಜಾವ 2.20ಕ್ಕೆ ಮುಳುಗಿತು. ಹಡಗಿನಲ್ಲಿ ಇದ್ದವರು ಸುಮಾರು 2,200 ಜನ. ಲೈಫ್‌ಬೋಟು 20, ಅವೆಲ್ಲ ಸೇರಿದರೂ ಜಾಗ ಇದ್ದದ್ದು 1,178 ಜನಕ್ಕೆ. ಆಗಿನ ಬ್ರಿಟಿಷ್ ನಿಯಮ ಬೋಟಿನ ಲೆಕ್ಕವನ್ನು ಹಡಗಿನ ಗಾತ್ರ ನೋಡಿ ಹೇಳುತ್ತಿತ್ತೇ ಹೊರತು ಒಳಗಿರುವ ತಲೆ ಎಣಿಸಿ ಅಲ್ಲ, ಆ ಲೆಕ್ಕಕ್ಕೆ 16 ಬೋಟು ಸಾಕಿತ್ತು, ಅಂದರೆ ನಿಯಮ ಕೇಳಿದ್ದಕ್ಕಿಂತ ನಾಲ್ಕು ಜಾಸ್ತಿಯೇ ಇದ್ದವು. 1,500ಕ್ಕೂ ಹೆಚ್ಚು ಜನ ಸತ್ತರು. 1914ರಲ್ಲಿ ಹಲವು ದೇಶಗಳು ಲಂಡನ್ನಿನಲ್ಲಿ ಸೇರಿ ಒಂದು ಒಪ್ಪಂದ ಮಾಡಿಕೊಂಡವು, ಹಡಗು ಹತ್ತಿದ ಪ್ರತಿಯೊಬ್ಬರಿಗೂ ಬೋಟಿನಲ್ಲಿ ಜಾಗ ಇರಬೇಕು ಅಂತ.

ಮುಕ್ಕಾಲು ಕ್ಲಾಸು 'ಅನುಕ್ರಮ' ಅಂತ ಬರೆಯಿತು. ತಾರೀಖು ಇದೆ, ಗಂಟೆ ಇದೆ, 'ಮಾರನೇ ದಿನ' ಇದೆ, ಚಾರ್ಟಿನ ಪ್ರಕಾರ ಅದೇ ಸರಿ. ನನ್ನ ಮನಸ್ಸಿನಲ್ಲಿ ಇದ್ದದ್ದು ಸಮಸ್ಯೆ-ಪರಿಹಾರ. ಕೆಂಪು ಪೆನ್ನು ತೆಗೆದು ತಪ್ಪು ಹಾಕುತ್ತಾ ಹೋದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ತಾರೀಖು ನೋಡಿ ಅನುಕ್ರಮ ಅಂತ ನೀವೇ ಹೇಳಿದ್ರಲ್ಲ? ಇದು ಅನುಕ್ರಮ ಅಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ 'ನಾಳೆ ಮಾತಾಡೋಣ' ಅಂದೆ.

ಮನೆಗೆ ಹೋಗಿ ಯೋಚನೆ ಮಾಡಿದೆ. ನನಗೆ ಹೇಗೆ ಗೊತ್ತಾಯಿತು? ನಾನು ಪದ ನೋಡಿರಲಿಲ್ಲ. ಇದನ್ನು ಬರೆದವರು ಯಾವ ಪ್ರಶ್ನೆಗೆ ಉತ್ತರ ಕೊಡೋಕೆ ಹೊರಟಿದ್ದಾರೆ ಅಂತ ನೋಡಿದ್ದೆ. (ಬರೆದದ್ದು ನಾನೇ ಅನ್ನೋದು ಬೇರೆ ಮಾತು.) 'ಆ ರಾತ್ರಿ ಒಂದಾದ ಮೇಲೊಂದು ಏನೇನಾಯಿತು?' ಅನ್ನೋದು ಪ್ರಶ್ನೆಯಾಗಿದ್ದರೆ ಅದು ಅನುಕ್ರಮ. ಆದರೆ ಅರ್ಧಕ್ಕಿಂತ ಜಾಸ್ತಿ ವಾಕ್ಯಗಳು ಬೋಟಿನ ಕೊರತೆಯ ಸುತ್ತಲೇ ಇವೆ, ಕೊನೆ ಹೋಗಿ ನಿಲ್ಲೋದು 1914ರ ಒಪ್ಪಂದದಲ್ಲಿ. ಮುಳುಗಿದ ಎರಡು ವರ್ಷದ ಮೇಲಿನ ಸಂಗತಿಗೂ ಆ ರಾತ್ರಿಯ ಗಂಟೆ-ನಿಮಿಷಕ್ಕೂ ಏನು ಸಂಬಂಧ? ಪ್ರಶ್ನೆ ಇದು: 'ಬೋಟು ಸಾಲದೇ ಹೋಯಿತು, ಅದಕ್ಕೆ ಏನು ಮಾಡಿದರು?' ತಾರೀಖುಗಳು ಬರೀ ಗೂಟ, ಕಟ್ಟಿರೋ ಹಸು ಬೇರೆ.

ಮಾರನೇ ದಿನ ಚಾರ್ಟು ಕಿತ್ತೆ. ಅದರ ಜಾಗದಲ್ಲಿ ಐದು ಪ್ರಶ್ನೆ ಬರೆದೆ. ಇದು ಹೇಗಿದೆ? ಯಾವುದಾದ ಮೇಲೆ ಯಾವುದು? ಇದಕ್ಕೂ ಅದಕ್ಕೂ ಏನು ವ್ಯತ್ಯಾಸ, ಏನು ಹೋಲಿಕೆ? ಯಾಕೆ ಹೀಗಾಯಿತು, ಅದರಿಂದ ಏನಾಯಿತು? ಏನು ತೊಂದರೆ, ಅದಕ್ಕೆ ಏನು ಮಾಡಿದರು? ಮಕ್ಕಳು ಓದಿ ಮುಗಿಸಿ, ಹಾಳೆ ಮಗುಚಿಟ್ಟು, ಗದ್ಯಭಾಗ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾಕ್ಯ ಯಾವ ಪ್ರಶ್ನೆಗೆ ಉತ್ತರವೋ ಅದೇ ರಚನೆ. ಹಾಳೆ ಮಗುಚೋದು ಮುಖ್ಯ, ಇಲ್ಲದಿದ್ದರೆ ಮೊದಲ ವಾಕ್ಯವನ್ನೇ ಎತ್ತಿ ಹೇಳಿಬಿಡುತ್ತಾರೆ.

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ಸಂಶೋಧಕಿ ಬಾನಿ ಮೇಯರ್ 1970ರ ದಶಕದಿಂದಲೇ ಇದರ ಮೇಲೆ ಕೆಲಸ ಮಾಡಿದವರು. ಬರೆದವರು ಯಾವ ಕಟ್ಟಿನಲ್ಲಿ ಬರೆದಿದ್ದಾರೋ ಅದೇ ಕಟ್ಟು ಹಿಡಿದು ನೆನಪು ಮಾಡಿಕೊಳ್ಳುವ ಓದುಗರಿಗೆ ಜಾಸ್ತಿ ವಿಷಯ ನೆನಪಿರುತ್ತದೆ ಅಂತ ಅವರ ತಂಡ ತೋರಿಸಿತ್ತು. ನನಗೆ ಇದು ಗೊತ್ತಾಗಿದ್ದು ತಡವಾಗಿ.

ಸುಳಿವು ಪದಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನನ್ನ ಚಾರ್ಟು ಇಂಗ್ಲಿಷ್ ಚಾರ್ಟಿನ ಅನುವಾದ. ಇಂಗ್ಲಿಷಿನಲ್ಲಿ ಸುಳಿವು ಪದ ಹೆಚ್ಚಾಗಿ ಬೇರೆ ನಿಂತಿರುತ್ತದೆ, ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಎಷ್ಟೋ ಸಲ ಅದು ಪದದ ಬಾಲದಲ್ಲಿ ಅಡಗಿ ಕೂತಿರುತ್ತದೆ. 'ಬೂದಿ ಹರಡಿದ್ದರಿಂದ ಬಿಸಿಲು ಕಡಿಮೆಯಾಯಿತು' ಅಂದಾಗ ಕಾರಣ ಇರೋದು 'ದ್ದರಿಂದ' ಅನ್ನೋ ತುಣುಕಿನಲ್ಲಿ. 'ನೀರು ಬಿಸಿಲಿಗೆ ಕಾದು, ಆವಿಯಾಗಿ, ಮೇಲೇರಿ, ತಣಿದು, ಹನಿಗಟ್ಟಿ ಕೆಳಗೆ ಬೀಳುತ್ತದೆ' ಅನ್ನೋ ವಾಕ್ಯದಲ್ಲಿ 'ಮೊದಲು' ಇಲ್ಲ, 'ನಂತರ' ಇಲ್ಲ, ಆದರೂ ಆರು ಹಂತ ಸಾಲಾಗಿ ನಿಂತಿವೆ. ಚಾರ್ಟು ನೋಡಿ ಕಲಿತ ಮಗು ಇದನ್ನು ವಿವರಣೆ ಅನ್ನುತ್ತದೆ.

ಇನ್ನು ಕೆಲವು ಪದಗಳು ಎರಡೆರಡು ವೇಷ ಹಾಕುತ್ತವೆ. 'ಬರದಿಂದ ಗಿಡ ಒಣಗಿತು' ಅಂದರೆ ಕಾರಣ. 'ಬೇರಿನಿಂದ ನೀರು ಎಲೆಗೆ ಹೋಗುತ್ತದೆ' ಅಂದರೆ ಎಲ್ಲಿಂದ ಅನ್ನೋದು ಮಾತ್ರ. 'ದೂರದರ್ಶಕದಿಂದ ನೋಡಿದರು' ಅಂದರೆ ಸಾಧನ. ಮೂರರಲ್ಲೂ 'ಇಂದ'. 'ಬಂದ ಮೇಲೆ' ಅಂದರೆ ಕಾಲ, 'ಎಲೆಯ ಮೇಲೆ' ಅಂದರೆ ಜಾಗ. ಎಲ್ಲಕ್ಕಿಂತ ಮಜಾ ಬಂದದ್ದು ಈ ವಾಕ್ಯಕ್ಕೆ: 'ಉಷ್ಣತೆ ಸೊನ್ನೆಗಿಂತ ಕಡಿಮೆ ಆದರೆ ನೀರು ಹೆಪ್ಪುಗಟ್ಟುತ್ತದೆ.' ಒಬ್ಬ ಹುಡುಗ 'ಗಿಂತ'ಕ್ಕೂ 'ಆದರೆ'ಗೂ ಗೆರೆ ಎಳೆದು, ಎರಡೆರಡು ಸುಳಿವು ಸಿಕ್ಕಿದ ಖುಷಿಯಲ್ಲಿ 'ಹೋಲಿಕೆ-ವ್ಯತ್ಯಾಸ' ಅಂತ ದಪ್ಪಕ್ಷರದಲ್ಲಿ ಬರೆದಿದ್ದ. "ಯಾವುದಕ್ಕೂ ಯಾವುದಕ್ಕೂ ಹೋಲಿಕೆ ಕಣೋ?" ಅಂದೆ. ಸ್ವಲ್ಪ ಹೊತ್ತು ನೋಡಿದ. "ನೀರಿಗೂ... ಸೊನ್ನೆಗೂ?" ಅಂದ. ಆಮೇಲೆ ಅವನಿಗೇ ನಗು ಬಂತು.

ಹಾಗಂತ ಸುಳಿವು ಪದ ಬೇಡವೇ ಬೇಡ ಅಂತಲ್ಲ. ಮೊದಲು ಪ್ರಶ್ನೆ ಹಿಡಿ, ಆಮೇಲೆ ಪದ ನೋಡಿ ಖಾತ್ರಿ ಮಾಡಿಕೋ ಅನ್ನುತ್ತೇನೆ. ನಾನು ಮಾಡಿದ್ದ ತಪ್ಪು ಇದನ್ನು ಉಲ್ಟಾ ಕಲಿಸಿದ್ದು.

ಪದಗಳೇ ಇಲ್ಲದ ಹೋಲಿಕೆಗೆ ನಾನು ಕೊಡೋದು ಆನೆಗಳ ಗದ್ಯಭಾಗ. ಮೊದಲ ಪ್ಯಾರಾ ಪೂರ್ತಿ ಆಫ್ರಿಕಾದ ಆನೆ. ಕಿವಿ ದೊಡ್ಡದು, ಗಂಡು ಹೆಣ್ಣು ಎರಡಕ್ಕೂ ದಂತ ಬರಬಹುದು, ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಎರಡು ಮೊನೆ. ಎರಡನೇ ಪ್ಯಾರಾ ಪೂರ್ತಿ ಏಷ್ಯಾದ ಆನೆ. ಕಿವಿ ಚಿಕ್ಕದು, ಉದ್ದ ದಂತ ಕೆಲವು ಗಂಡುಗಳಿಗೆ ಮಾತ್ರ, ಸೊಂಡಿಲಿನ ತುದಿಯಲ್ಲಿ ಒಂದೇ ಮೊನೆ. ಎಲ್ಲೂ 'ಆದರೆ' ಇಲ್ಲ, 'ಗಿಂತ' ಇಲ್ಲ. ಎಲ್ಲರೂ 'ವಿವರಣೆ' ಅನ್ನುತ್ತಾರೆ. ಆಗ ಕೋಷ್ಟಕ ಹಾಕಿ ಅನ್ನುತ್ತೇನೆ. ಎಡಗಡೆ ಕಿವಿ, ದಂತ, ಸೊಂಡಿಲು. ಮೇಲೆ ಎರಡು ಆನೆಗಳ ಹೆಸರು. ಎರಡೂ ಪ್ಯಾರಾದಲ್ಲಿ ಅದೇ ಮೂರು ಅಂಶ, ಅದೇ ಕ್ರಮದಲ್ಲಿ ಬಂದಿವೆ, ಒಂದು ಮನೆಯೂ ಖಾಲಿ ಉಳಿಯೋದಿಲ್ಲ. ಬರೆದವರು ಬೇಕಂತಲೇ ಹಾಗೆ ಜೋಡಿಸಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗೋದು ಕೊನೆಯ ಮನೆ ತುಂಬುವಾಗ.

ವಿವರಣೆ ಅನ್ನೋದು ಒಂಥರಾ ಕಸದ ಬುಟ್ಟಿ, ಅದನ್ನೂ ಹೇಳಿಬಿಡುತ್ತೇನೆ. ಗೊತ್ತಾಗದ್ದೆಲ್ಲ ಅಲ್ಲಿಗೆ ಬೀಳುತ್ತದೆ. ಅದಕ್ಕೆ ನನ್ನ ಕ್ಲಾಸಿನಲ್ಲಿ ಒಂದು ಕಟ್ಟಳೆ ಇದೆ, ಬೇರೆ ನಾಲ್ಕು ಯಾಕಲ್ಲ ಅಂತ ಹೇಳಿದ ಮೇಲಷ್ಟೇ ವಿವರಣೆ ಅನ್ನಬಹುದು.

ಕಾರಣ-ಪರಿಣಾಮದಲ್ಲಿ ಮಕ್ಕಳು ಎಡವೋದು ಇನ್ನೊಂದು ಕಡೆ. ಮೊದಲು ಬಂದದ್ದೇ ಕಾರಣ ಅಂದುಕೊಳ್ಳುತ್ತಾರೆ. ಅದಕ್ಕೆ ತಂಬೋರಾ ಜ್ವಾಲಾಮುಖಿಯ ಗದ್ಯಭಾಗವನ್ನು ಬೇಕಂತಲೇ ಹಿಂದುಮುಂದಾಗಿ ಬರೆದೆ. ಶುರುವಾಗೋದು 1816ರ ಬೇಸಿಗೆಯಿಂದ. ಅಮೆರಿಕದ ಈಶಾನ್ಯ ಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು, ಯುರೋಪಿನಲ್ಲಿ ಬೆಳೆ ಹಾಳಾಯಿತು, ಆ ವರ್ಷಕ್ಕೆ 'ಬೇಸಿಗೆ ಇಲ್ಲದ ವರ್ಷ' ಅಂತಲೇ ಹೆಸರು ಬಂತು. ಆಮೇಲೆ ಹಿಂದಕ್ಕೆ ಹೋಗುತ್ತದೆ: 1815ರ ಏಪ್ರಿಲ್, ಈಗಿನ ಇಂಡೋನೇಷ್ಯಾದ ಸುಂಬಾವಾ ದ್ವೀಪ, ತಂಬೋರಾ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ವಾತಾವರಣದ ಮೇಲಿನ ಪದರಕ್ಕೆ ಏರಿ, ಸಣ್ಣ ಸಣ್ಣ ಕಣಗಳಾಗಿ ಹರಡಿ, ಬಿಸಿಲಿನ ಒಂದಷ್ಟು ಭಾಗವನ್ನು ವಾಪಸ್ ಕಳಿಸಿತು.

ಇಲ್ಲಿ ಬಾಣ ಬಿಡಿಸೋ ಆಟ ಆಡಿಸುತ್ತೇನೆ. ಪ್ರತಿ ಸಂಗತಿಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಯಾವುದು ಯಾವುದನ್ನು ಮಾಡಿತು ಅಂತ ಮಧ್ಯೆ ಬಾಣ ಹಾಕಬೇಕು. ಬಾಣಕ್ಕೆ 'ಆಮೇಲೆ' ಅಂತ ಓದಿದರೆ ಸಾಕಾಗುತ್ತಾ, 'ಅದರಿಂದ' ಅಂತಲೇ ಓದಬೇಕಾ? ಗಂಧಕದ ಚೀಟಿ ತೆಗೆದುಬಿಟ್ಟರೆ ಸ್ಫೋಟಕ್ಕೂ ಹಿಮಕ್ಕೂ ಮಧ್ಯೆ ಕೊಂಡಿಯೇ ಇರೋದಿಲ್ಲ, ಉಳಿಯೋದು ಒಂದು ವರ್ಷದ ಅಂತರದ ಎರಡು ಸುದ್ದಿ. ಚೀಟಿಯನ್ನು ಕೈಯಲ್ಲಿ ಎತ್ತಿ ತೋರಿಸಿದಾಗ ಇದು ತಲೆಗೆ ಹೋಗುತ್ತದೆ, ಬಾಯಲ್ಲಿ ಹತ್ತು ಸಲ ಹೇಳಿದರೂ ಹೋಗೋದಿಲ್ಲ.

ನಿಜವಾದ ಜಗಳ ಇರೋದು ಕಾರಣ-ಪರಿಣಾಮಕ್ಕೂ ಸಮಸ್ಯೆ-ಪರಿಹಾರಕ್ಕೂ ಮಧ್ಯೆ. ಟೈಟಾನಿಕ್ ಗದ್ಯಭಾಗವನ್ನು ಮತ್ತೆ ತಂದಾಗ ಅದೇ ಹುಡುಗಿ ಬಿಡಲಿಲ್ಲ. "ಬೋಟು ಕಡಿಮೆ ಇತ್ತು, ಅದರಿಂದ ಜನ ಸತ್ತರು, ಅದರಿಂದ ನಿಯಮ ಬಂತು. ಎಲ್ಲಾ 'ಅದರಿಂದ'ನೇ ಅಲ್ವಾ ಮಿಸ್?" ಸರಿಯಾದ ಮಾತೇ. ಪ್ರತಿ ಸಮಸ್ಯೆಯೊಳಗೂ ಒಂದು ಕಾರಣ ಇದ್ದೇ ಇರುತ್ತದೆ. ಆಗ ಹೊಳೆದ ಪರೀಕ್ಷೆಯನ್ನೇ ಈಗಲೂ ಬಳಸುತ್ತೇನೆ: ಯಾರಾದರೂ ಕೂತು ಯೋಚಿಸಿ, ಇದನ್ನು ಸರಿ ಮಾಡಬೇಕು ಅಂತ ಏನಾದರೂ ಮಾಡಿದರಾ? ತಂಬೋರಾ ಸಿಡಿದದ್ದಕ್ಕೆ ಹಿಮ ತಾನಾಗಿ ಬಿತ್ತು. 1914ರ ಒಪ್ಪಂದ ತಾನಾಗಿ ಬೀಳಲಿಲ್ಲ, ಜನ ಸೇರಿ ಬರೆದರು. ಸರಿ ಮಾಡೋ ಕೈ ಕಂಡರೆ ಸಮಸ್ಯೆ-ಪರಿಹಾರ, ಕಾಣದಿದ್ದರೆ ಕಾರಣ-ಪರಿಣಾಮ. ಎಲ್ಲಾ ಕಡೆಯೂ ಇದು ನಡೆಯೋದಿಲ್ಲ, ಆದರೆ ಹೆಚ್ಚಿನ ಕಡೆ ನಡೆಯುತ್ತದೆ.

ಪರೀಕ್ಷೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪುಸ್ತಕದಲ್ಲಾಗಲಿ ಪತ್ರಿಕೆಯಲ್ಲಾಗಲಿ ಬರೋ ನಿಜವಾದ ಲೇಖನ ಒಂದೇ ಕಟ್ಟಿನಲ್ಲಿ ಇರೋದಿಲ್ಲ. ಸಿಡುಬಿನ ಬಗ್ಗೆ ಓದಿ ನೋಡಿ. ರೋಗ ಹೇಗಿರುತ್ತಿತ್ತು ಅನ್ನೋದು ವಿವರಣೆ, 1796ರ ಜೆನ್ನರ್ ಲಸಿಕೆ ಪ್ರಯೋಗದಿಂದ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಅಳಿಯಿತು ಅಂತ ಘೋಷಿಸಿದ ತನಕ ಅನುಕ್ರಮ, ಒಟ್ಟು ಲೇಖನ ಸಮಸ್ಯೆ-ಪರಿಹಾರ. ಪ್ರಶ್ನೆ ಪತ್ರಿಕೆ ಮಾತ್ರ ಒಂದೇ ಉತ್ತರ ಕೇಳುತ್ತದೆ. ಕೇಳಿರೋದು ಇಡೀ ಗದ್ಯಭಾಗಕ್ಕೋ, 'ಮೂರನೇ ಪ್ಯಾರಾ'ಕ್ಕೋ ಅಂತ ಮೊದಲು ನೋಡಿ ಅನ್ನುತ್ತೇನೆ. ಅರ್ಧ ಅಂಕ ಹೋಗೋದು ಅಲ್ಲೇ.

ಈಗೀಗ ಗುರುತಿಸೋದಕ್ಕಿಂತ ಬರೆಸೋದೇ ಜಾಸ್ತಿ. ತಂಬೋರಾದ ಅದೇ ಚೀಟಿಗಳನ್ನು ಐದು ಗುಂಪಿಗೂ ಕೊಟ್ಟು, ಒಂದೊಂದು ಗುಂಪು ಒಂದೊಂದು ರಚನೆಯಲ್ಲಿ ಬರೆಯಬೇಕು ಅಂದೆ. ಅನುಕ್ರಮದವರು ಐದು ನಿಮಿಷದಲ್ಲಿ ಮುಗಿಸಿದರು. ಸಮಸ್ಯೆ-ಪರಿಹಾರದವರು "ಪರಿಹಾರವೇ ಇಲ್ಲವಲ್ಲ ಮಿಸ್, ಇವರು ಏನೂ ಮಾಡಿಲ್ಲ" ಅಂತ ದೂರು ತಂದರು. ನನಗೆ ಒಳಗೊಳಗೇ ಖುಷಿ, ಅದೇ ಬೇಕಿತ್ತು. ಹೋಲಿಕೆಯ ಗುಂಪು "ಯಾವುದಕ್ಕೆ ಹೋಲಿಸೋದು?" ಅಂತ ಕೂತಿತ್ತು, ಕೊನೆಗೆ ಲೈಬ್ರರಿಯಿಂದ ಕ್ರಕಟೋವಾ ಹುಡುಕಿ ತಂದರು. 1883ರಲ್ಲಿ ಸಿಡಿದದ್ದು, ಅದೂ ಇಂಡೋನೇಷ್ಯಾದ್ದೇ.

ಅವರು ಬರೆದದ್ದರ ಕೊನೆಯ ಸಾಲು ಹೀಗಿತ್ತು: 'ತಂಬೋರಾ ಕ್ರಕಟೋವಾಕ್ಕಿಂತ ದೊಡ್ಡದು, ಆದರೆ ಹೆಸರಾಗಿದ್ದು ಕ್ರಕಟೋವಾ, ಏಕೆಂದರೆ 1883ರ ಹೊತ್ತಿಗೆ ಟೆಲಿಗ್ರಾಫ್ ಬಂದು ಸುದ್ದಿ ಬೇಗ ಹರಡಿತು.' ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಯೋ ಮುಂಚೆ ಸೊನ್ನೆಯ ಹುಡುಗ ಕೈ ಎತ್ತಿದ್ದ. "ಮಿಸ್, ಇವರು ಮೋಸ ಮಾಡಿದ್ದಾರೆ. ಕೊನೆ ಸಾಲು ಕಾರಣ-ಪರಿಣಾಮ." ಹೋಲಿಕೆಯ ಗುಂಪು ಒಪ್ಪಲಿಲ್ಲ. ವ್ಯತ್ಯಾಸ ಯಾಕೆ ಅಂತ ಹೇಳಿದ್ದೀವಿ ಅಷ್ಟೇ, ಮುಖ್ಯ ಪ್ರಶ್ನೆ ಹೋಲಿಕೆಯದ್ದೇ ಅಂತ ವಾದ. ನಾನು ಬೋರ್ಡಿನ ಮೇಲೆ ಎರಡನ್ನೂ ಬರೆದು, ಚಾಕ್‌ಪೀಸನ್ನು ಅವನ ಕೈಗೆ ಕೊಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತೆ.