ಕಾಯಿಲೆಗೆ ನಿಜವಾಗಿ ಎಷ್ಟು ಖರ್ಚಾಯಿತು? ನಿಮ್ಮೂರಿನ ಲೆಕ್ಕ ತೆಗೆಯುವುದು ಹೀಗೆ

ಅಥಣಿ, ರಾಯಬಾಗ, ಜಮಖಂಡಿ ಕಡೆ ಯಾರಿಗಾದರೂ ಜೋರು ಕಾಯಿಲೆಯಾದರೆ ಮನೆಯವರ ಬಾಯಲ್ಲಿ ಮೊದಲು ಬರುವ ಹೆಸರು ಮಿರಜ್. 1890ರ ದಶಕದಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಶುರು ಮಾಡಿದರು. ಆ ಊರಿಗೆ ದವಾಖಾನೆಯ ಹೆಸರು ಬಂದದ್ದು ಹಾಗೆ. ಇಂಡಿ, ಚಡಚಣದವರಿಗೆ ಸೊಲ್ಲಾಪುರ ಹತ್ತಿರ. ಹೀಗೆ ಗಡಿ ದಾಟಿ ಹೋದವರ ಬಿಲ್ಲು ಮಹಾರಾಷ್ಟ್ರದ ಕಡತದಲ್ಲಿ ಉಳಿಯುತ್ತದೆ. ದುಡ್ಡು ಹೋಗಿದ್ದು ಮಾತ್ರ ನಮ್ಮೂರ ಮನೆಯಿಂದ. ಹಾಗಾಗಿ ಒಂದು ಊರಿನ ಮೇಲೆ ಕಾಯಿಲೆಯ ಹೊರೆ ಎಷ್ಟು ಬಿತ್ತು ಅಂತ ತಿಳಿಯಬೇಕಾದರೆ ಆಸ್ಪತ್ರೆಯ ಬಾಗಿಲಲ್ಲಿ ಕೂತರೆ ಆಗದು. ಮನೆ ಮನೆಗೆ ಹೋಗಬೇಕು.

ಈ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಬೇಕಿಲ್ಲ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಅಥವಾ ಅರ್ಥಶಾಸ್ತ್ರದ ವಿದ್ಯಾರ್ಥಿಗಳು, ಆಸಕ್ತಿ ಇರುವ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಯಾರು ಬೇಕಾದರೂ ಮಾಡಬಹುದು. ವಿಧಾನವೂ ಹಳೆಯದೇ. ಕಾಯಿಲೆಯ ಖರ್ಚನ್ನು ಕ್ರಮವಾಗಿ ಅಳೆಯುವ ದಾರಿಯನ್ನು 1960ರ ದಶಕದಲ್ಲಿ ಅಮೆರಿಕದ ಆರೋಗ್ಯ ಅರ್ಥಶಾಸ್ತ್ರಜ್ಞೆ ಡೊರೊಥಿ ರೈಸ್ ಹಾಕಿಕೊಟ್ಟರು. ಇಂದಿನ ಅಧ್ಯಯನಗಳೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸಾಗುತ್ತವೆ.

ಯಾರ ಜೇಬಿನ ಲೆಕ್ಕ?

ಪ್ರಶ್ನೆಪಟ್ಟಿ ಬರೆಯುವ ಮೊದಲೇ ಇದನ್ನು ತೀರ್ಮಾನಿಸಿ. ಮನೆಯವರ ಜೇಬಿನದೋ, ಸರ್ಕಾರದ್ದೋ, ಇಡೀ ಸಮಾಜದ್ದೋ? ಉತ್ತರ ಬದಲಾದರೆ ಮೊತ್ತವೂ ಬದಲಾಗುತ್ತದೆ.

ಶಕ್ತಿ ಯೋಜನೆಯನ್ನೇ ನೋಡಿ. 2023ರ ಜೂನ್‌ನಿಂದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ದುಡ್ಡಿಲ್ಲ. ಮುಧೋಳದ ಮಹಿಳೆ ಬಾಗಲಕೋಟೆಯ ಆಸ್ಪತ್ರೆಗೆ ಹೋಗಿಬಂದರೆ ಮನೆಯ ಲೆಕ್ಕದಲ್ಲಿ ಬಸ್ ಚಾರ್ಜ್ ಸೊನ್ನೆ. ಸರ್ಕಾರದ ಲೆಕ್ಕದಲ್ಲಿ ಸೊನ್ನೆ ಅಲ್ಲ, ಸಾರಿಗೆ ನಿಗಮಕ್ಕೆ ಅದು ದುಡ್ಡು ಕೊಡಬೇಕು. ಅದೇ ಮಹಿಳೆ ಮಿರಜ್‌ಗೆ ಹೊರಟರೆ ಟಿಕೆಟ್ ತೆಗೆಯಲೇಬೇಕು, ಬೇರೆ ರಾಜ್ಯಕ್ಕೆ ಹೋಗುವ ಬಸ್‌ಗೆ ಆ ಸೌಲಭ್ಯ ಇಲ್ಲ. ಆಸ್ಪತ್ರೆಯ ಖರ್ಚಿಗೂ ಇದೇ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆದ್ದರಿಂದ ಪ್ರಶ್ನೆಪಟ್ಟಿಯಲ್ಲಿ ರೇಷನ್ ಕಾರ್ಡ್ ಯಾವುದು ಎಂಬ ಸಾಲು ಇರಲೇಬೇಕು. ಅದಿಲ್ಲದಿದ್ದರೆ ಆಮೇಲೆ ಅರ್ಧ ಅಂಕಿಗಳು ಅರ್ಥವೇ ಆಗುವುದಿಲ್ಲ.

ಮೊದಲ ಸಲ ಮಾಡುವವರು ಮನೆಯ ಜೇಬನ್ನೇ ಆರಿಸಿಕೊಳ್ಳಿ. ಸರ್ಕಾರಿ ದವಾಖಾನೆಯ ಒಂದು ಹಾಸಿಗೆಗೆ ದಿನಕ್ಕೆ ಎಷ್ಟು ಖರ್ಚು ಅಂತ ತೆಗೆಯುವುದು ಬೇರೆಯೇ ತಲೆನೋವು.

ಎಷ್ಟು ಮನೆ?

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆಯಿತು. ಅದರ ಪ್ರಕಾರ ಹಳ್ಳಿಗಳಲ್ಲಿ ಒಂದು ವರ್ಷದಲ್ಲಿ ಆಸ್ಪತ್ರೆಗೆ ಸೇರಿದವರು, ಹೆರಿಗೆ ಬಿಟ್ಟು, ಶೇ 2.6ರಷ್ಟು ಜನ. ಅಂದರೆ 200 ಮನೆ, 900 ಜನ ಇರುವ ಊರಲ್ಲಿ ಸುಮಾರು 23 ಮಂದಿ. ನೀವು ಚೀಟಿ ಎತ್ತಿ 40 ಮನೆಗೆ ಮಾತ್ರ ಹೋದರೆ ಸಿಗುವವರು ನಾಲ್ಕೋ ಐದೋ. ಅಷ್ಟರಲ್ಲಿ ಯಾವ ಲೆಕ್ಕವೂ ನಿಲ್ಲದು.

ಅದಕ್ಕೇ ಎರಡು ಸುತ್ತು ಬೇಕು. ಮೊದಲ ಸುತ್ತಿನಲ್ಲಿ ಎಲ್ಲ ಮನೆಗೂ ಹೋಗಿ ಎರಡೇ ಪ್ರಶ್ನೆ ಕೇಳಿ. ಕಳೆದ ಒಂದು ವರ್ಷದಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದ್ದರಾ? ಶುಗರ್, ಬಿಪಿ, ಟಿಬಿ, ಕಿಡ್ನಿ ತೊಂದರೆಯಂಥ ದಿನಾ ಗುಳಿಗೆ ಬೇಡುವ ಕಾಯಿಲೆ ಯಾರಿಗಾದರೂ ಇದೆಯಾ? ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಈ ಸುತ್ತು ಬೇಗ ಮುಗಿಯುತ್ತದೆ. ಎರಡನೇ ಸುತ್ತಿನಲ್ಲಿ ಆಸ್ಪತ್ರೆಗೆ ಸೇರಿದವರ ಮನೆಗಳನ್ನೆಲ್ಲ ತೆಗೆದುಕೊಳ್ಳಿ, ಉಳಿದವುಗಳಲ್ಲಿ ಚೀಟಿ ಎತ್ತಿ.

ತೀರಿಕೊಂಡವರ ಬಗ್ಗೆ ಮನೆಯವರನ್ನು ಕೇಳುವುದು ಕಷ್ಟ ಅಂತ ಬಿಡಬೇಡಿ. ಸಾವಿಗೆ ಮುಂಚಿನ ವಾರಗಳಲ್ಲೇ ಎಷ್ಟೋ ಮನೆಗಳ ದೊಡ್ಡ ಖರ್ಚು ನಡೆದಿರುತ್ತದೆ. ಈಗ ಮನೆಯಲ್ಲಿ ಇರುವವರನ್ನಷ್ಟೇ ಪಟ್ಟಿ ಮಾಡಿದರೆ ಅದೆಲ್ಲ ಕೈತಪ್ಪುತ್ತದೆ.

ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಾಲೇಜಿನ ಪ್ರಾಜೆಕ್ಟ್ ಆದರೆ ನೈತಿಕ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಲಿ. ಎಚ್‌ಐವಿ, ಟಿಬಿ ಇರುವ ಮನೆಗಳಲ್ಲಿ ಅಕ್ಕಪಕ್ಕದವರ ಎದುರು ಒಂದು ಮಾತೂ ಕೇಳಬಾರದು.

ಎಷ್ಟು ಹಿಂದಕ್ಕೆ ಕೇಳಬಹುದು?

ಹೋದ ವರ್ಷ ಆಪರೇಷನ್‌ಗೆ ಎಷ್ಟಾಯಿತು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ಮೂರು ತಿಂಗಳ ಹಿಂದೆ ಜ್ವರಕ್ಕೆ ಮೆಡಿಕಲ್‌ನಲ್ಲಿ ಎಷ್ಟು ಕೊಟ್ಟೆವು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಸರ್ಕಾರಿ ಸಮೀಕ್ಷೆಯಲ್ಲೂ ಅದಕ್ಕೇ ಎರಡು ಅವಧಿ ಇದೆ. ಆಸ್ಪತ್ರೆಗೆ ಸೇರಿದ್ದಕ್ಕೆ 365 ದಿನ, ಹೊರರೋಗಿಯಾಗಿ ತೋರಿಸಿಕೊಂಡಿದ್ದಕ್ಕೆ 15 ದಿನ. ನೀವೂ ಅದನ್ನೇ ಇಟ್ಟುಕೊಳ್ಳಿ. ಬೇರೆ ಅಂಕಿಗಳ ಜೊತೆ ಹೋಲಿಸುವಾಗ ಉಪಯೋಗವಾಗುತ್ತದೆ.

ತಾರೀಖು ಕೇಳಬೇಡಿ. ಎಳ್ಳ ಅಮಾವಾಸ್ಯೆಗೆ ಮುಂಚೆಯೋ ಆಮೇಲೆಯೋ, ಬನಶಂಕರಿ ಜಾತ್ರೆ ಹೊತ್ತಿಗೆ ಮನೆಗೆ ಬಂದಿದ್ದರೋ ಅಂತ ಕೇಳಿ. ಕಬ್ಬು ಕಟಾವಿನ ಸಮಯವಾ ಅಂದರೂ ಆಯಿತು. ಮನೆಯ ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲು, ಗುಳಿಗೆ ಚೀಟಿ, ಸ್ಕ್ಯಾನಿಂಗ್ ಫಿಲ್ಮ್ ಇದ್ದೇ ಇರುತ್ತವೆ. ಅದನ್ನು ಇಳಿಸಿ ತೋರಿಸಲು ಹೇಳಿದರೆ ಅರ್ಧ ಕೆಲಸ ಆದಂತೆ.

ಏನೇನು ಬರೆದುಕೊಳ್ಳಬೇಕು?

ಇಲ್ಲೇ ಹೆಚ್ಚು ಜನ ಎಡವುವುದು. ಮೂರು ಕಾಲಂ ಹಾಕಿ. ಮೊದಲನೆಯದು ಚಿಕಿತ್ಸೆಯ ಖರ್ಚು: ಡಾಕ್ಟರ್ ಫೀ, ಗುಳಿಗೆ, ಪರೀಕ್ಷೆ, ಹಾಸಿಗೆ, ಆಪರೇಷನ್. ಎರಡನೆಯದು ಚಿಕಿತ್ಸೆಗಾಗಿ ಆದ ಬೇರೆ ಖರ್ಚು: ಬಸ್, ಟಂಟಂ, ಬಾಡಿಗೆ ಗಾಡಿ, ಜೊತೆಗಿದ್ದವರ ಊಟ, ಲಾಡ್ಜ್. ಮೂರನೆಯದು ದುಡಿಮೆಯ ನಷ್ಟ. ಇದು ರೋಗಿಯದಷ್ಟೇ ಅಲ್ಲ, ಪಕ್ಕದಲ್ಲಿ ಕೂತವರದೂ ಹೌದು.

ಒಂದು ಉದಾಹರಣೆ ಕಟ್ಟೋಣ. ಬನಹಟ್ಟಿಯಲ್ಲಿ ಕೂಲಿಗೆ ಪಾವರ್‌ಲೂಮ್ ನಡೆಸುವ ಒಬ್ಬರಿಗೆ ಶುಗರ್ ಇದೆ ಅಂದುಕೊಳ್ಳಿ. ಅಂಕಿಗಳು ವಿಧಾನ ತೋರಿಸಲು ನಾನು ಹಾಕಿದವು. ತಿಂಗಳಿಗೊಮ್ಮೆ ಖಾಸಗಿ ಡಾಕ್ಟರ್, ಫೀ 200, ಗುಳಿಗೆಗೆ 900. ವರ್ಷಕ್ಕೆ 13,200. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ 350ರಂತೆ 1,400. ನಡುವೆ ಕಾಲಿನ ಹುಣ್ಣು ಬಲಿತು ಮಿರಜ್‌ನಲ್ಲಿ ಸೇರಿದರು, ಬಿಲ್ಲು 28,000. ಮೊದಲ ಕಾಲಂ ಒಟ್ಟು 42,600.

ತಿಂಗಳ ಓಡಾಟ 80ರಂತೆ 960, ಮಿರಜ್‌ಗೆ ಗಾಡಿ ಮತ್ತು ಅಲ್ಲಿನ ಊಟ-ವಸತಿ 6,500. ಎರಡನೇ ಕಾಲಂ 7,460.

ಡಾಕ್ಟರ್ ಭೇಟಿಗೆ ಅರ್ಧರ್ಧ ದಿನವಾಗಿ 6 ದಿನ, ಆಸ್ಪತ್ರೆ ಮತ್ತು ವಿಶ್ರಾಂತಿಗೆ 20 ದಿನ, ಹೆಂಡತಿ ಜೊತೆಗಿದ್ದ 10 ದಿನ. ಒಟ್ಟು 36 ದಿನ. ದಿನಕ್ಕೆ ಎಷ್ಟು ಹಿಡಿಯಬೇಕು? ಕೂಲಿ ನೇಕಾರರಿಗೆ ಸೀರೆ ಲೆಕ್ಕದಲ್ಲಿ ದುಡ್ಡು. ವಾರಕ್ಕೆ ಎಷ್ಟು ಸೀರೆ ಇಳಿಯುತ್ತಿತ್ತು, ಒಂದಕ್ಕೆ ಎಷ್ಟು ಅಂತ ಕೇಳಿ ದಿನದ ಗಳಿಕೆ ತೆಗೆಯಬಹುದು. ಆದರೆ ಹೆಂಡತಿ ಮನೆಕೆಲಸವನ್ನಷ್ಟೇ ಮಾಡುವವರಾದರೆ ಈ ದಾರಿಯಲ್ಲಿ ಅವರ ಹತ್ತು ದಿನಕ್ಕೆ ಸೊನ್ನೆ ಬೀಳುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಸುಮ್ನೆ ಕೂತಿದ್ದರು ಅಂತ ಬರೆದಂತೆ ಆಗುತ್ತದೆ ಅಲ್ವಾ? ಎಲ್ಲರಿಗೂ ಒಂದೇ ದರ ಹಾಕುವುದು ಮೇಲು. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಅದನ್ನೇ ಹಿಡಿದರೆ 36 ದಿನಕ್ಕೆ 13,320.

ಇನ್ನೊಂದು ಸೂಕ್ಷ್ಮ ಇದೆ. ಆ 20 ದಿನ ಮಗ್ಗ ನಿಂತಿತ್ತೋ, ತಮ್ಮ ಬಂದು ನಡೆಸಿದನೋ? ಹೊಲದ ಮನೆಗಳಲ್ಲಿ ಮುಯ್ಯಾಳು ಬಂದು ಕೆಲಸ ಮಾಡಿಕೊಟ್ಟಿರುತ್ತಾರೆ. ಮನೆಯ ಆದಾಯ ನಿಂತಿಲ್ಲ ಅನಿಸಬಹುದು. ಆದರೆ ಯಾರದೋ ದಿನ ಅಲ್ಲಿ ಹೋಗಿದೆ, ಆ ಮುಯ್ಯಿ ತೀರಿಸಲು ಮುಂದೆ ಇವರ ದಿನವೂ ಹೋಗುತ್ತದೆ. ಇದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆದಿಡಿ.

ಮೂರೂ ಸೇರಿ 63,380. ಬಿಲ್ಲುಗಳನ್ನು ಮಾತ್ರ ನೋಡಿದ್ದರೆ ಇದರ ಮೂರನೇ ಒಂದು ಭಾಗ ಕಾಣುತ್ತಲೇ ಇರಲಿಲ್ಲ.

ಈಗ ಸಾಲ. ಮಿರಜ್‌ಗೆ ಹೋಗುವಾಗ 25,000 ಕೈಗಡ ತಂದಿದ್ದರು, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ, ಎಂಟು ತಿಂಗಳಿಗೆ ತೀರಿತು. ಈ 25,000ವನ್ನು ಮತ್ತೆ ಕೂಡಿಸಬೇಡಿ! ಅದು ಆಸ್ಪತ್ರೆಯ 28,000ದ ಒಳಗೇ ಇದೆ. ಒಡವೆ, ಎಮ್ಮೆ ಮಾರಿದ ದುಡ್ಡಿಗೂ ಇದೇ ನಿಯಮ, ಅವು ಖರ್ಚಲ್ಲ, ಖರ್ಚಿಗೆ ದುಡ್ಡು ಬಂದ ದಾರಿ. ಬಡ್ಡಿ 6,000 ಮಾತ್ರ ಹೊಸ ಹೊರೆ. ಸಮಾಜದ ಲೆಕ್ಕದಲ್ಲಿ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಅಷ್ಟೇ, ಸೇರಿಸುವುದಿಲ್ಲ. ಮನೆಯ ಲೆಕ್ಕದಲ್ಲಿ ಸೇರಿಸಿ. ಆಗ 69,380.

ಇದೆಲ್ಲ ಶುಗರ್‌ನದೇ ಖರ್ಚಾ? ಅವರಿಗೆ ಬಿಪಿಯೂ ಮಂಡಿನೋವೂ ಇದ್ದರೆ? ಸಣ್ಣ ಅಧ್ಯಯನದಲ್ಲಿ ಪ್ರತಿ ಭೇಟಿಗೂ ಮುಖ್ಯ ಕಾರಣ ಯಾವುದು ಅಂತ ಕೇಳಿ ಗುರುತು ಹಾಕಿಕೊಳ್ಳಿ. ದೊಡ್ಡ ಅಧ್ಯಯನಗಳಲ್ಲಿ ಅದೇ ವಯಸ್ಸಿನ, ಶುಗರ್ ಇಲ್ಲದವರ ಖರ್ಚಿನ ಜೊತೆ ಹೋಲಿಸಿ ಹೆಚ್ಚಿಗೆ ಆದದ್ದನ್ನಷ್ಟೇ ತೆಗೆಯುತ್ತಾರೆ.

ಹೋಗದೇ ಇದ್ದವರು

ಖರ್ಚಿನ ಕಾಲಂನಲ್ಲಿ ಸೊನ್ನೆ ಬಂದಾಗ ನಿಲ್ಲಿ. ಕಾಯಿಲೆ ಇರಲಿಲ್ಲವೋ, ಪೂರ್ತಿ ಉಚಿತವಾಗಿ ಸಿಕ್ಕಿತೋ, ದುಡ್ಡಿಲ್ಲ ಅಂತ ಹೋಗಲೇ ಇಲ್ಲವೋ? ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ಹೀಗೆ ಮಾಡದಿದ್ದರೆ ಬಡವರ ಓಣಿಯಲ್ಲಿ ಖರ್ಚು ಕಡಿಮೆ, ಅಂದರೆ ಅಲ್ಲಿ ಆರೋಗ್ಯ ಚೆನ್ನಾಗಿದೆ ಎಂಬ ತಲೆಕೆಳಗಾದ ಉತ್ತರ ಬರುತ್ತದೆ.

ಚಿಕಿತ್ಸೆಗೆ ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಸಂಶೋಧಕ ರೊನಾಲ್ಡ್ ಆಂಡರ್ಸನ್ 1968ರಲ್ಲಿ ಒಂದು ಚೌಕಟ್ಟು ಕೊಟ್ಟರು. ವಯಸ್ಸು, ಓದು, ನಂಬಿಕೆ ಒಂದು ಕಡೆ. ದುಡ್ಡು, ದೂರ, ವಿಮೆ ಇನ್ನೊಂದು ಕಡೆ. ಕಾಯಿಲೆ ಎಷ್ಟು ಜೋರು ಎಂಬುದು ಮೂರನೆಯದು. ನಮ್ಮ ಕಡೆ ಇದಕ್ಕೆ ಒಂದು ಪ್ರಶ್ನೆ ಸೇರಿಸಬೇಕು: ಜೊತೆಗೆ ಬರಲು ಯಾರಿದ್ದರು? ದುಡಿಯುವವರು ಗೋವಾಕ್ಕೋ ಪುಣೆಗೋ ಹೋದ ಮನೆಯಲ್ಲಿ ಮುದುಕರು ದವಾಖಾನೆಗೆ ಹೋಗದಿರಲು ಅದೇ ಕಾರಣ ಆಗಿರಬಹುದು.

ಭಾರ ಎಷ್ಟಾದರೆ ಭಾರ?

ಮನೆಯ ವಾರ್ಷಿಕ ಖರ್ಚಿನ ಶೇ 10 ಅಥವಾ ಶೇ 25ಕ್ಕಿಂತ ಜಾಸ್ತಿ ಆರೋಗ್ಯಕ್ಕೇ ಹೋದರೆ ಅದನ್ನು ಮನೆ ಮುರಿಯುವ ಖರ್ಚು ಅಂತ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎಣಿಸುತ್ತಿದ್ದರು. ಇಲ್ಲಿ ಲೆಕ್ಕಕ್ಕೆ ಬರುವುದು ಕೈಯಿಂದ ಕೊಟ್ಟ ಚಿಕಿತ್ಸೆಯ ದುಡ್ಡು ಮಾತ್ರ. ನಮ್ಮ ನೇಕಾರರ ಮನೆಯ ವರ್ಷದ ಖರ್ಚು 2,40,000 ಅಂದುಕೊಂಡರೆ 42,600 ಅಂದರೆ ಶೇ 17.75. ಮೊದಲ ಗೆರೆ ದಾಟಿತು, ಎರಡನೆಯದು ದಾಟಿಲ್ಲ. ಟಿಬಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬೇರೆ. ಅಲ್ಲಿ ಓಡಾಟ, ಹೋದ ದುಡಿಮೆ ಎಲ್ಲ ಸೇರಿಸಿ, ಅದು ಮನೆಯ ವಾರ್ಷಿಕ ಆದಾಯದ ಶೇ 20 ದಾಟಿತಾ ಅಂತ ನೋಡುತ್ತಾರೆ. ಟಿಬಿ ಗುಳಿಗೆ ಸರ್ಕಾರದಿಂದ ಉಚಿತ. ಆದರೂ ಈ ಗೆರೆ ದಾಟುವ ಮನೆಗಳಿವೆ, ಯಾಕೆಂದರೆ ತಿಂಗಳುಗಟ್ಟಲೆ ದುಡಿಮೆ ನಿಲ್ಲುತ್ತದೆ. ಯಾವ ಅಳತೆ ಬಳಸಿದಿರಿ ಅಂತ ವರದಿಯಲ್ಲಿ ಬರೆಯಿರಿ.

ಸರಾಸರಿಯ ಆಟ

ಒಂಬತ್ತು ಮನೆಯಲ್ಲಿ ತಲಾ 4,000 ಖರ್ಚಾಗಿ, ಹತ್ತನೇ ಮನೆಯಲ್ಲಿ ಕ್ಯಾನ್ಸರ್‌ಗೆ 3 ಲಕ್ಷ ಹೋಗಿದ್ದರೆ ಸರಾಸರಿ 33,600. ಅಷ್ಟು ಖರ್ಚಾದ ಮನೆ ಆ ಹತ್ತರಲ್ಲಿ ಒಂದೂ ಇಲ್ಲ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದರೆ 4,000. ಎರಡನ್ನೂ ಬರೆಯಿರಿ. ಊರಿಗೆ ಒಟ್ಟು ಎಷ್ಟು ದುಡ್ಡು ಬೇಕು ಅನ್ನುವುದಕ್ಕೆ ಸರಾಸರಿ, ಸಾಮಾನ್ಯ ಮನೆಯ ಪಾಡು ಹೇಳಲು ನಡುವಿನ ಅಂಕಿ. ಹತ್ತನೇ ಮನೆ ಲೆಕ್ಕ ಕೆಡಿಸುತ್ತದೆ ಅಂತ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಬೇಡ.

ನಿಮ್ಮ ಅಂಕಿ ಸರಿಯಿದೆಯಾ ಅಂತ ನೋಡಲು ಅದೇ 75ನೇ ಸುತ್ತು ಇದೆ. ದೇಶದಲ್ಲಿ ಒಮ್ಮೆ ಆಸ್ಪತ್ರೆಗೆ ಸೇರಿದರೆ ಚಿಕಿತ್ಸೆಗೆ ಸರಾಸರಿ ಸರ್ಕಾರಿಯಲ್ಲಿ 4,452, ಖಾಸಗಿಯಲ್ಲಿ 31,845 ರೂಪಾಯಿ. ಇದು 2017–18ರ ಬೆಲೆ. ಇಂದಿಗೆ ಹೋಲಿಸುವಾಗ ಬೆಲೆ ಏರಿಕೆ ಸೇರಿಸಿಕೊಳ್ಳಿ.

ಯೋಜನೆಯೊಂದರಿಂದ ಉಪಯೋಗ ಆಯಿತೋ ಇಲ್ಲವೋ ಅಂತ ನೋಡಬೇಕಾದರೆ ಹೋಲಿಸಲು ಇನ್ನೊಂದು ಊರು ಬೇಕು. ಇದಕ್ಕೆ ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ. ಸಂಶೋಧಕರು ಯೋಜನೆ ಇದ್ದ 300 ಹಳ್ಳಿಗಳನ್ನೂ, ಆ ಭಾಗದ ಗಡಿಯ ಆಚೆ, ರಾಜ್ಯದೊಳಗೇ ಯೋಜನೆ ಇನ್ನೂ ಬಾರದ 272 ಹಳ್ಳಿಗಳನ್ನೂ ಹೋಲಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಬಹಳ ಕಡಿಮೆ ಇತ್ತು, ಆಸ್ಪತ್ರೆಗೆ ಕೈಯಿಂದ ಹೋಗುವ ದುಡ್ಡೂ ಇಳಿದಿತ್ತು. 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಆ ಅಧ್ಯಯನ ಬಂತು.

ವರದಿ ಎರಡು ಪುಟ ಇದ್ದರೆ ಸಾಕು. ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಒಂದು ಗ್ರಾಮಸಭೆಗೆ. ಹೆಸರು, ಮನೆ ನಂಬರ್ ತೆಗೆದುಹಾಕಿ. ಸಣ್ಣ ಊರಲ್ಲಿ ‘ಡಯಾಲಿಸಿಸ್ ಮಾಡಿಸುವ 52 ವರ್ಷದ ನೇಕಾರ’ ಅಂದರೂ ಯಾರು ಅಂತ ಗೊತ್ತಾಗಿಬಿಡುತ್ತದೆ, ಅದನ್ನೂ ತೆಗೆಯಿರಿ. ಒಂದು ಊರಿನ ಅಂಕಿಯನ್ನು ಜಿಲ್ಲೆಯ ಜನಸಂಖ್ಯೆಗೆ ಗುಣಿಸಿ ಕೋಟಿಗಟ್ಟಲೆ ಮೊತ್ತ ತೋರಿಸುವ ಆಸೆ ಆಗುತ್ತದೆ. ಹಾಗೆ ಮಾಡಬೇಡಿ. ಕಾಲುವೆ ನೀರು ಬರುವ ಮುಧೋಳದ ಊರಿಗೂ ಮಳೆ ನಂಬಿದ ಇಂಡಿಯ ಊರಿಗೂ ದುಡಿಮೆ ಬೇರೆ, ದವಾಖಾನೆಯ ದೂರ ಬೇರೆ. ಎರಡೂ ಕಡೆ ಮಾಡುವವರು ಸಿಕ್ಕರೆ ಪ್ರಶ್ನೆಪಟ್ಟಿ ಒಂದೇ ಇಟ್ಟುಕೊಂಡು, ಒಂದೇ ತಿಂಗಳಲ್ಲಿ ಶುರು ಮಾಡಿ.